ಪದಪಟ್ಟಿಯಿಂದ ಕಾಣೆಯಾಗುವ ‘ನಾ’

1956ರ ರಾಜ್ಯ ಪುನರ್ವಿಂಗಡಣೆಯವರೆಗೆ ನಿಲಂಗಾ, ಉದಗೀರ, ಅಹ್ಮದಪುರ ತಾಲೂಕುಗಳು ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಗೆ ಸೇರಿದ್ದವು. ಅನಂತರ ಅವು ಮುಂಬಯಿ ರಾಜ್ಯಕ್ಕೂ 1960ರಲ್ಲಿ ಮಹಾರಾಷ್ಟ್ರಕ್ಕೂ ಸಂದವು. ವಲಾಂಡಿಯ ಸುತ್ತಿನ ಈ ಗಡಿಸೀಮೆಯಲ್ಲಿ ಕನ್ನಡ ಆಡಳಿತದ ಭಾಷೆಯಲ್ಲ, ಮನೆಮಾತು. ಬರಹದ ಆಕರಗಳು ವಿರಳವಾಗಿರುವ ಇಂತಹ ಭಾಷಾರೂಪದ ಅಧ್ಯಯನಕ್ಕೆ ಕ್ಷೇತ್ರಕಾರ್ಯದ ಪದಪಟ್ಟಿಯೇ ಮುಖ್ಯ ಆಧಾರ. ಆ ಪಟ್ಟಿ ಗಣಕಕ್ಕೆ ಸೇರಿದ ಮೇಲೆ ಅದರೊಳಗಿನ ಪದಗಳು ಸುರಕ್ಷಿತವೆಂಬ ನಂಬಿಕೆ ಸಾಮಾನ್ಯ. ಆದರೆ ಆ ನಂಬಿಕೆ ಎಲ್ಲ ವೇಳೆಯಲ್ಲೂ ನಿಲ್ಲುವುದಿಲ್ಲ.

ಪದಪಟ್ಟಿಗಳನ್ನು ಬಹುಮಟ್ಟಿಗೆ ಸಿಎಸ್‌ವಿ ಕಡತಗಳಲ್ಲಿ, ಅಂದರೆ ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯವಾಗಿ, ಇರಿಸಲಾಗುತ್ತದೆ. ಅವುಗಳನ್ನು ಅಕಾರಾದಿಗೊಳಿಸಲು, ಜೋಡಿಸಲು, ಎಣಿಸಲು ಸಿಎಸ್‌ವಿಕಿಟ್‌ನಂತಹ ಆದೇಶಸಾಲಿನ ಸಾಧನಗಳು ಬಳಕೆಯಲ್ಲಿವೆ. ಬಳಕೆದಾರ ಏನನ್ನೂ ಸೂಚಿಸದಿದ್ದಾಗ ಸಾಧನವು ತಾನೇ ಹಿಡಿಯುವ ದಾರಿಗೆ ಡಿಫಾಲ್ಟ್, ಎಂದರೆ ಪೂರ್ವನಿಗದಿತ ಆಯ್ಕೆ, ಎಂದು ಹೆಸರು. ತೊಡಕು ಇರುವುದು ಇಲ್ಲಿಯೇ.

ಸಿಎಸ್‌ವಿಕಿಟ್ ಕೆಲವು ಬರಹಗಳನ್ನು ‘ಮೌಲ್ಯವಿಲ್ಲ’ ಎಂಬುದರ ಗುರುತಾಗಿ ಓದುತ್ತದೆ. ಖಾಲಿ ಕೋಶ, ಒಂಟಿ ಚುಕ್ಕೆ, ಇಂಗ್ಲಿಷಿನ ‘ನಲ್’, ‘ನನ್’ (ಯಾವುದೂ ಇಲ್ಲ) ಎಂಬ ಪದಗಳು, ಇವುಗಳ ಜೊತೆಗೆ ‘ಅನ್ವಯಿಸದು’ ಎಂಬುದರ ಸಂಕ್ಷೇಪವಾದ ಎನ್, ಎ ಎಂಬ ಅಕ್ಷರಜೋಡಿಯೂ ಆ ಪಟ್ಟಿಯಲ್ಲಿದೆ. ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದವನ್ನು ಅದು ಎಣಿಸುವುದಿಲ್ಲ. ಉತ್ತರದ ಆಡುಗನ್ನಡದಲ್ಲಿ ಉತ್ತಮಪುರುಷ ಏಕವಚನದ ರೂಪ ‘ನಾ’. ದೀರ್ಘಚಿಹ್ನೆಯಿಲ್ಲದೆ ರೋಮನ್ ಲಿಪಿಯಲ್ಲಿ ಬರೆದರೆ ಅದೂ ಅವೇ ಎರಡು ಅಕ್ಷರ. ಇಂತಹ ಪಟ್ಟಿಯನ್ನು ಸಿಎಸ್‌ವಿಸಾರ್ಟ್ ಆದೇಶದಿಂದ ಅಕಾರಾದಿಗೊಳಿಸಿದರೆ ‘ನಾ’ ಇದ್ದ ಕೋಶ ಖಾಲಿಯಾಗಿ ಹೊರಬರುತ್ತದೆ. ದೋಷಸೂಚನೆ ಯಾವುದೂ ಕಾಣುವುದಿಲ್ಲ. ಮುಂದೆ ಓದುವವರಿಗೆ ಆ ಪದವನ್ನು ಯಾರೂ ದಾಖಲಿಸಿಯೇ ಇಲ್ಲವೆಂದು ತೋರುತ್ತದೆ.

ಪೈಥಾನ್ ಭಾಷೆಯ ಪಾಂಡಾಸ್ ಗ್ರಂಥಾಲಯದಲ್ಲಿಯೂ ಇದೇ ಬಗೆಯ ಪಟ್ಟಿಯುಂಟು. ಅಲ್ಲಿ ‘ಸಂಖ್ಯೆಯಲ್ಲ’ ಎಂಬುದನ್ನು ಸೂಚಿಸುವ ಎನ್-ಎ-ಎನ್ ಎಂಬ ಬರಹ ಅಳಿಯುತ್ತದೆ; ‘ನನ್ ಮನಿ’ ಎಂಬಲ್ಲಿನ ‘ನನ್’ ರೋಮನ್ ಲಿಪಿಯಲ್ಲಿ ಹಾಗೆಯೇ ಬರೆಯಲ್ಪಡುತ್ತದೆ. ಈ ತೊಡಕು ಕನ್ನಡಕ್ಕೆ ಮಾತ್ರ ಸೀಮಿತವಲ್ಲ. ನಮೀಬಿಯ ದೇಶದ ಎರಡಕ್ಷರದ ಅಂತರರಾಷ್ಟ್ರೀಯ ಸಂಕೇತವೂ ಎನ್-ಎ. ದೇಶಗಳ ಪಟ್ಟಿಗಳಲ್ಲಿ ಅದೂ ಹೀಗೆಯೇ ಮರೆಯಾಗುತ್ತದೆ.

ಪರಿಹಾರದಲ್ಲಿ ಒಂದು ಸೂಕ್ಷ್ಮವಿದೆ. ಸಿಎಸ್‌ವಿಕಿಟ್‌ನಲ್ಲಿ ‘ನಲ್-ವ್ಯಾಲ್ಯೂ’ ಎಂಬ ಆಯ್ಕೆಯ ಮೂಲಕ ಸಂಶೋಧಕರು ತಮ್ಮದೇ ಗುರುತನ್ನು ಸೂಚಿಸಬಹುದು. ಆದರೆ ಅದು ಹಳೆಯ ಪಟ್ಟಿಯ ಸ್ಥಾನಕ್ಕೆ ಬರುವುದಿಲ್ಲ, ಅದಕ್ಕೆ ಸೇರಿಕೊಳ್ಳುತ್ತದೆ. ‘ನಾ’ ಮತ್ತೆ ಅಳಿಯುತ್ತದೆ. ಹಳೆಯ ಪಟ್ಟಿಯನ್ನು ಕೈಬಿಡಲು ‘ಬ್ಲ್ಯಾಂಕ್ಸ್’ ಎಂಬ ಆಯ್ಕೆಯನ್ನೂ ಕೊಡಬೇಕು. ಪಾಂಡಾಸ್‌ನಲ್ಲಿಯೂ ಪೂರ್ವನಿಗದಿತ ಪಟ್ಟಿ ಬೇಡವೆಂದು ಪ್ರತ್ಯೇಕವಾಗಿ ತಿಳಿಸಬೇಕು. ಇದಕ್ಕೊಂದು ಬೆಲೆಯೂ ಇದೆ: ‘ಬ್ಲ್ಯಾಂಕ್ಸ್’ ಕೊಟ್ಟಾಗ ಖಾಲಿ ಕೋಶಗಳುಳ್ಳ ಸಂಖ್ಯಾಸ್ತಂಭವನ್ನು ಸಾಧನವು ಪಠ್ಯವೆಂದು ಬಗೆಯುತ್ತದೆ. ಆದ್ದರಿಂದ ಪದಗಳ ಕಡತವನ್ನೂ ವಯಸ್ಸು ಮೊದಲಾದ ಸಂಖ್ಯೆಗಳ ಕಡತವನ್ನೂ ಬೇರೆಯಾಗಿಡುವುದು ಲೇಸು. ಪದಗಳನ್ನು ಕನ್ನಡ ಲಿಪಿಯಲ್ಲಿ ಅಥವಾ ದೀರ್ಘಚಿಹ್ನೆಸಹಿತ ಲಿಪ್ಯಂತರದಲ್ಲಿ ಬರೆದರೆ ‘ನಾ’ದ ಮಟ್ಟಿಗೆ ಈ ಸಂದಿಗ್ಧವೇ ಹುಟ್ಟದು. ಹ್ರಸ್ವಸ್ವರದ ‘ನನ್’ ಉಳಿಯಬೇಕಾದರೆ ಕನ್ನಡ ಲಿಪಿಯೇ ಬೇಕು.

ಸಾಧನ ನಿರ್ಮಿಸುವವರಿಗೂ ಇದರಲ್ಲಿ ಪಾಠವಿದೆ. ಬಳಕೆದಾರ ಮೌನವಾಗಿರುವುದು ಬೇರೆ, ‘ಯಾವ ಗುರುತೂ ಬೇಡ’ ಎಂದು ಹೇಳುವುದು ಬೇರೆ. ಈ ಎರಡನ್ನೂ ಸಾಧನವು ಬೇರೆಬೇರೆಯಾಗಿ ಗುರುತಿಸಬೇಕು. ಬಳಕೆದಾರ ಪಟ್ಟಿ ಕೊಟ್ಟರೆ ಅದು ಪೂರ್ವನಿಗದಿತ ಪಟ್ಟಿಗೆ ಬದಲಾಗಿ ನಿಲ್ಲುವುದೋ ಅದಕ್ಕೆ ಸೇರುವುದೋ ಎಂಬುದು ಸಹಾಯಪುಟದಲ್ಲಿ ಸ್ಪಷ್ಟವಾಗಿರಬೇಕು. ಎಷ್ಟು ಕೋಶಗಳು ಖಾಲಿಯಾದವೆಂಬ ಒಂದು ಸಾಲಿನ ವರದಿ ಬಂದರೂ ಬಹಳ ಪದಗಳು ಉಳಿಯುತ್ತವೆ.

ಕ್ಷೇತ್ರಕಾರ್ಯದಲ್ಲಿ ‘ಕೇಳಲಿಲ್ಲ’, ‘ಉತ್ತರ ಬರಲಿಲ್ಲ’, ‘ಆ ಪದ ಬಳಕೆಯಲ್ಲಿಲ್ಲ’ ಎಂಬವು ಮೂರು ಬೇರೆ ಬೇರೆ ಸಂಗತಿಗಳು. ಮೂರಕ್ಕೂ ಬೇರೆ ಗುರುತುಗಳನ್ನು ಮೊದಲೇ ಗೊತ್ತುಮಾಡಿಕೊಂಡು, ಯಂತ್ರದಿಂದ ಹೊರಬಂದ ಕಡತವನ್ನು ಕೈಬರಹದ ಮೂಲದೊಡನೆ ತಾಳೆನೋಡುವುದು ಅಗತ್ಯ. ದೊಡ್ಡ ಭಾಷೆಯ ಪಠ್ಯರಾಶಿಯಲ್ಲಿ ಕಳೆದುಹೋದ ಪದ ಇನ್ನೊಂದೆಡೆ ಸಿಕ್ಕೀತು. ಗಡಿಯೂರಿನ ಮನೆಮಾತಿನ ಪಟ್ಟಿಯಲ್ಲಿ ಅಳಿದ ‘ನಾ’ ಎಂಬುದಕ್ಕೆ ಬೇರೊಂದು ಪ್ರತಿ ಇರದಿರಬಹುದು.