ಬೆಳೆಯ ಛಾಯಾಚಿತ್ರಕ್ಕೆ ಸ್ಥಳದ ಗುರುತು

ಕಲಬುರಗಿ ಕಡೆಯ ಎರೆಭೂಮಿಯಲ್ಲಿ ತೊಗರಿ ಹೂ ಬಿಡುವ ಹೊತ್ತಿಗೆ ಎಡೆಬಿಡದ ಮಳೆ ಹಿಡಿಯಿತೆಂದು ಭಾವಿಸಿ. ನಾಲ್ಕು ಎಕರೆ ತೊಗರಿ ನೀರಿನಲ್ಲಿ ನಿಂತಿದೆ. ಹೊಲಕ್ಕೆ ಕಾಲಿಟ್ಟರೆ ಮೊಣಕಾಲಿನವರೆಗೆ ಹೂತುಹೋಗುವ ಕೆಸರು. ರೈತನು ರಸ್ತೆಯ ಆಚೆ ಬದಿಯಲ್ಲೇ ನಿಂತು ಫೋನಿನಲ್ಲಿ ನಾಲ್ಕು ಚಿತ್ರ ತೆಗೆದು ಮನೆಗೆ ಮರಳುತ್ತಾನೆ. ಚಿತ್ರದಲ್ಲಿ ನೀರೂ ಇದೆ, ತೊಗರಿಯೂ ಇದೆ. ಆದರೆ ಚಿತ್ರದೊಡನೆ ದಾಖಲಾದ ಸ್ಥಳವು ಬೇರೊಬ್ಬರ ಸರ್ವೆ ನಂಬರನ್ನು ತೋರಿಸುತ್ತದೆ. ನಷ್ಟವಾದದ್ದು ನಿಜ, ಸಾಕ್ಷ್ಯ ಮಾತ್ರ ಪಕ್ಕದ ಹೊಲದ್ದು.

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ಹಿರಿಯರ ಮಾತು. ಇಂದು ಬೆಳೆಯ ಚಿತ್ರವನ್ನು ಪ್ರಮಾಣಿಸಿ ನೋಡುವ ಒಂದು ಸಾಧನವೆಂದರೆ ಅದರೊಡನೆ ಇರುವ ಸ್ಥಳದ ಗುರುತು. ನಮ್ಮ ರಾಜ್ಯದಲ್ಲಿ ೨೦೨೦ರ ಮುಂಗಾರಿನಿಂದ ರೈತರೇ ತಮ್ಮ ಬೆಳೆಯ ವಿವರವನ್ನು ಚಿತ್ರಸಹಿತ ಮೊಬೈಲ್ ಆ್ಯಪ್ ಮೂಲಕ ದಾಖಲಿಸಲು ಅವಕಾಶ ಕಲ್ಪಿಸಲಾಗಿದೆ. ಬೆಳೆ ವಿಮೆಯ ಬೆಳೆ ಕಟಾವು ಪ್ರಯೋಗಗಳಲ್ಲಿಯೂ ಸ್ಥಳ ಸಹಿತ ಚಿತ್ರಗಳನ್ನು ತೆಗೆಯಲಾಗುತ್ತದೆ. ಆದುದರಿಂದ ಈ ವಿಷಯವನ್ನು ರೈತರೂ ವಿಸ್ತರಣಾ ಕಾರ್ಯಕರ್ತರೂ ಸರಿಯಾಗಿ ಅರಿತಿರುವುದು ಅವಶ್ಯ.

ಸ್ಥಳದ ಗುರುತು ಎಂದರೇನು?

ಫೋನಿನಲ್ಲಿ ತೆಗೆದ ಚಿತ್ರದ ಕಡತದಲ್ಲಿ ಕಣ್ಣಿಗೆ ಕಾಣುವ ಬಿಂಬದ ಜೊತೆಗೆ ಕಾಣದ ಒಂದು ಟಿಪ್ಪಣಿಯೂ ಇರುತ್ತದೆ. ಇದಕ್ಕೆ ‘ಎಕ್ಸಿಫ್’ ಎಂದು ಹೆಸರು. ಚಿತ್ರ ತೆಗೆದ ದಿನ, ವೇಳೆ, ಕ್ಯಾಮೆರಾದ ವಿವರ ಇದರಲ್ಲಿರುತ್ತವೆ. ಫೋನಿನ ಲೊಕೇಶನ್ ಚಾಲೂ ಇದ್ದು, ಕ್ಯಾಮೆರಾಕ್ಕೂ ಅದರ ಅನುಮತಿ ಕೊಟ್ಟಿದ್ದಲ್ಲಿ ಅಕ್ಷಾಂಶ ಮತ್ತು ರೇಖಾಂಶಗಳೂ ಸೇರುತ್ತವೆ. ಕೆಲವು ಆ್ಯಪ್‌ಗಳು ಇದೇ ಅಂಕಿಗಳನ್ನು ಚಿತ್ರದ ಕೆಳಗೆ ಕಾಣುವಂತೆ ಮುದ್ರಿಸುತ್ತವೆ.

ಕರ್ನಾಟಕವು ಸುಮಾರು ೧೧.೫ರಿಂದ ೧೮.೫ ಡಿಗ್ರಿ ಉತ್ತರ ಅಕ್ಷಾಂಶ ಹಾಗೂ ೭೪ರಿಂದ ೭೮.೫ ಡಿಗ್ರಿ ಪೂರ್ವ ರೇಖಾಂಶಗಳ ನಡುವೆ ಇದೆ. ನಮ್ಮ ರಾಜ್ಯದ ಹೊಲದ ಚಿತ್ರದಲ್ಲಿ ಮೊದಲ ಅಂಕಿ ಸೊನ್ನೆ ಎಂದಿದ್ದರೆ ಅಥವಾ ೭೬ ಎಂದಿದ್ದರೆ, ಸ್ಥಳ ದಾಖಲಾಗಿಲ್ಲ ಇಲ್ಲವೇ ಅಂಕಿಗಳು ಅದಲುಬದಲಾಗಿವೆ ಎಂದು ತಿಳಿಯಬೇಕು.

ಫೋನು ಸ್ಥಳವನ್ನು ಅರಿಯುವ ಬಗೆ

ಭೂಮಿಯಿಂದ ಸುಮಾರು ೨೦,೨೦೦ ಕಿಲೋಮೀಟರ್ ಎತ್ತರದಲ್ಲಿ ಅಮೆರಿಕದ ಜಿ.ಪಿ.ಎಸ್. ಉಪಗ್ರಹಗಳು ಸುತ್ತುತ್ತಿವೆ. ಈ ವ್ಯವಸ್ಥೆಗೆ ಕನಿಷ್ಠ ೨೪ ಉಪಗ್ರಹಗಳು ಬೇಕು. ರಷ್ಯ ಮತ್ತು ಯುರೋಪಿನ ಉಪಗ್ರಹಗಳೂ ಇದೇ ಕೆಲಸ ಮಾಡುತ್ತವೆ. ನಮ್ಮ ಇಸ್ರೋ ಸಂಸ್ಥೆಯು ೨೦೧೩ರಲ್ಲಿ ಇಂತಹ ಮೊದಲ ಉಪಗ್ರಹವನ್ನು ಹಾರಿಸಿತು. ಪ್ರತಿ ಉಪಗ್ರಹವೂ ತನ್ನ ಗಡಿಯಾರದ ವೇಳೆಯನ್ನು ಸದಾ ಬಿತ್ತರಿಸುತ್ತದೆ. ಆ ಸಂಕೇತ ತಲುಪಲು ಹಿಡಿದ ಕಾಲದಿಂದ ಫೋನು ದೂರವನ್ನು ಲೆಕ್ಕ ಹಾಕುತ್ತದೆ. ಸಂಕೇತದ ವೇಗ ಸೆಕೆಂಡಿಗೆ ಸುಮಾರು ೩ ಲಕ್ಷ ಕಿಲೋಮೀಟರ್. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೂ ದೂರ ೩೦೦ ಮೀಟರ್ ತಪ್ಪುತ್ತದೆ. ಫೋನಿನ ಗಡಿಯಾರ ಅಷ್ಟು ನಿಖರವಲ್ಲದ ಕಾರಣ, ಅದರ ತಪ್ಪನ್ನೂ ತಿದ್ದಿಕೊಳ್ಳಲು ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಬೇಕಾಗುತ್ತದೆ.

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಇದಕ್ಕೆ ಬೇಕಾದದ್ದು ತೆರೆದ ಆಕಾಶ. ದಟ್ಟ ಅಡಿಕೆ ತೋಟದ ನೆರಳು, ಕಟ್ಟಡದ ಗೋಡೆ, ಮನೆಯ ಒಳಭಾಗ ಇವು ಅಡ್ಡಿಯಾಗುತ್ತವೆ. ಎರಡನೆಯದಾಗಿ, ಮೊಬೈಲ್ ಸಿಗ್ನಲ್ ಇಲ್ಲದ ಹೊಲದಲ್ಲಿಯೂ ಸ್ಥಳ ಸಿಗುತ್ತದೆ. ಆದರೆ ಸ್ವಲ್ಪ ತಡವಾಗಬಹುದು. ಆ ತಾಳ್ಮೆ ಇಲ್ಲದೆ ಕೂಡಲೇ ಚಿತ್ರ ತೆಗೆದಲ್ಲಿ ಹಿಂದಿನ ಜಾಗದ ಅಂಕಿಯೇ ದಾಖಲಾಗುವ ಸಂಭವವುಂಟು.

ಎಷ್ಟು ನಿಖರ?

ಮೊದಲು ಅಮೆರಿಕವು ನಾಗರಿಕ ಬಳಕೆಯ ಸಂಕೇತದಲ್ಲಿ ಬೇಕೆಂದೇ ತಪ್ಪನ್ನು ಸೇರಿಸುತ್ತಿತ್ತು. ೨೦೦೦ದ ಮೇ ತಿಂಗಳಲ್ಲಿ ಅದನ್ನು ಕೈಬಿಟ್ಟಿತು. ಈಗ ತೆರೆದ ಬಯಲಿನಲ್ಲಿ ಸಾಧಾರಣ ಫೋನು ಸುಮಾರು ೫ ಮೀಟರಿನೊಳಗೆ ಸ್ಥಳವನ್ನು ಹೇಳಬಲ್ಲದು. ಮರಗಳ ಕೆಳಗೆ ವ್ಯತ್ಯಾಸ ಇನ್ನೂ ಹೆಚ್ಚು.

ಇದನ್ನು ರೈತರ ಲೆಕ್ಕದಲ್ಲಿ ನೋಡಬಹುದು. ಒಂದು ಗುಂಟೆ ಎಂದರೆ ೩೩ ಅಡಿ ಚದರ, ಅಂದರೆ ಬದಿಗೆ ಸುಮಾರು ೧೦ ಮೀಟರ್. ಒಂದು ಎಕರೆಯ ಚೌಕ ಹೊಲದ ಬದಿ ಸುಮಾರು ೬೪ ಮೀಟರ್. ಇದರ ನಡುವೆ ನಿಂತು ಚಿತ್ರ ತೆಗೆದಲ್ಲಿ ೫ ಮೀಟರಿನ ತಪ್ಪಿನಿಂದ ಏನೂ ಕೆಡುವುದಿಲ್ಲ. ಬದುವಿನ ಮೇಲೆ ನಿಂತು ತೆಗೆದಲ್ಲಿ ಅದೇ ೫ ಮೀಟರ್ ಚಿತ್ರವನ್ನು ನೆರೆಯವರ ಹೊಲಕ್ಕೆ ಸೇರಿಸುತ್ತದೆ. ಹತ್ತಾರು ಗುಂಟೆಯ ಹಿಸ್ಸಾಗಳಲ್ಲಿ ಈ ಎಚ್ಚರ ಇನ್ನೂ ಮುಖ್ಯ.

ಅಂಕಿಯನ್ನು ಬರೆದುಕೊಳ್ಳುವಾಗಲೂ ಜಾಗ್ರತೆ ಬೇಕು. ಒಂದು ಡಿಗ್ರಿ ಅಕ್ಷಾಂಶ ಎಂದರೆ ಸುಮಾರು ೧೧೧ ಕಿಲೋಮೀಟರ್. ದಶಮಾಂಶದ ನಾಲ್ಕನೆಯ ಸ್ಥಾನ ಸುಮಾರು ೧೧ ಮೀಟರಿಗೂ, ಐದನೆಯದು ಸುಮಾರು ಒಂದು ಮೀಟರಿಗೂ ಸಮ. ಆದುದರಿಂದ ಐದು ಸ್ಥಾನಗಳವರೆಗೆ ಬರೆಯುವುದು ಸೂಕ್ತ. ೧೭ ಡಿಗ್ರಿ ೨೦ ಮಿನಿಟು ಎಂಬುದನ್ನು ೧೭.೨೦ ಎಂದು ಬರೆಯಬಾರದು. ೬೦ ಮಿನಿಟಿಗೆ ಒಂದು ಡಿಗ್ರಿಯಾದ್ದರಿಂದ ಅದು ೧೭.೩೩೩೩೩ ಆಗುತ್ತದೆ. ಈ ಒಂದು ತಪ್ಪಿನಿಂದ ಹೊಲವು ಸುಮಾರು ೧೫ ಕಿಲೋಮೀಟರ್ ದೂರ ಸರಿಯುತ್ತದೆ.

ಚಿತ್ರ ತೆಗೆಯುವ ಕ್ರಮ

೧. ಹೊಲಕ್ಕೆ ಹೋಗುವ ಮೊದಲೇ ಫೋನಿನ ಲೊಕೇಶನ್, ದಿನಾಂಕ ಮತ್ತು ವೇಳೆ ಸರಿಯಿರುವುದನ್ನು ನೋಡಿಕೊಳ್ಳಬೇಕು.

೨. ಬದುವಿನಿಂದ ಕನಿಷ್ಠ ೧೦ರಿಂದ ೧೫ ಮೀಟರ್ ಒಳಗೆ ಹೋಗಿ, ಆಕಾಶ ಕಾಣುವ ಕಡೆ ಒಂದೆರಡು ನಿಮಿಷ ನಿಲ್ಲಬೇಕು. ಕೆಸರಿನಿಂದ ಒಳಗೆ ಹೋಗಲಾಗದಿದ್ದಲ್ಲಿ ಸ್ವಂತ ಹೊಲದ ಗಡಿಯೊಳಗಾದರೂ ನಿಂತಿರಬೇಕು. ರಸ್ತೆಯಿಂದ ತೆಗೆಯುವುದು ಸಲ್ಲದು.

೩. ಹಾನಿಯಾದ ಗಿಡದ ಹತ್ತಿರದ ಚಿತ್ರ ಒಂದು, ಇಡೀ ಹೊಲದ ಚಿತ್ರ ಒಂದು, ಮತ್ತು ಬಾವಿ, ದೊಡ್ಡ ಮರ ಅಥವಾ ಗುಡಿಯಂತಹ ಶಾಶ್ವತ ಗುರುತು ಕಾಣುವ ಚಿತ್ರ ಒಂದು ತೆಗೆಯಬೇಕು. ಅಂಕಿ ಕೈಕೊಟ್ಟರೂ ಮೂರನೆಯ ಚಿತ್ರ ಮಾತನಾಡುತ್ತದೆ.

೪. ಹೊಲದಿಂದ ಹೊರಡುವ ಮುನ್ನ ಚಿತ್ರದ ವಿವರವನ್ನು ತೆರೆದು, ನಕ್ಷೆಯಲ್ಲಿ ಗುರುತು ಸ್ವಂತ ಹೊಲದಲ್ಲೇ ಬಿದ್ದಿದೆಯೇ ಎಂದು ಪರೀಕ್ಷಿಸಬೇಕು. ಇಲ್ಲವಾದಲ್ಲಿ ಮತ್ತೊಮ್ಮೆ ತೆಗೆಯಬೇಕು.

೫. ಮೂಲ ಚಿತ್ರವನ್ನು ಅಳಿಸಬಾರದು. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳುಹಿಸಿದಲ್ಲಿ ಒಳಗಿನ ಸ್ಥಳದ ಟಿಪ್ಪಣಿ ಕಳೆದುಹೋಗುತ್ತದೆ. ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಿದಲ್ಲಿ ಉಳಿಯುತ್ತದೆ.

ಜಿ.ಪಿ.ಎಸ್. ಇಲ್ಲದ ಕ್ಯಾಮೆರಾ

ಕ್ಷೇತ್ರೋತ್ಸವ, ರೋಗ ಸಮೀಕ್ಷೆ ಮುಂತಾದ ಕಡೆ ವಿಸ್ತರಣಾ ಕಾರ್ಯಕರ್ತರು ಜಿ.ಪಿ.ಎಸ್. ಇಲ್ಲದ ಕ್ಯಾಮೆರಾ ಬಳಸುವುದುಂಟು. ಆಗ ಫೋನಿನಲ್ಲಿ ನಡೆದ ದಾರಿಯನ್ನು ದಾಖಲಿಸಿಕೊಂಡು, ಅನಂತರ ಕಂಪ್ಯೂಟರಿನಲ್ಲಿ ಎರಡರ ವೇಳೆಯನ್ನು ತಾಳೆ ಹಾಕಿ ಪ್ರತಿ ಚಿತ್ರಕ್ಕೂ ಸ್ಥಳ ಸೇರಿಸಬಹುದು. ಇಲ್ಲಿ ಎಲ್ಲವೂ ಗಡಿಯಾರವನ್ನು ಅವಲಂಬಿಸಿದೆ. ಗಂಟೆಗೆ ೪ ಕಿಲೋಮೀಟರ್ ನಡೆಯುವವರ ಕ್ಯಾಮೆರಾ ಗಡಿಯಾರ ೧೦ ನಿಮಿಷ ತಪ್ಪಿದ್ದರೆ ಸ್ಥಳ ೬೫೦ ಮೀಟರಿಗಿಂತ ಹೆಚ್ಚು ತಪ್ಪಬಹುದು. ಇದಕ್ಕೆ ಸುಲಭ ಉಪಾಯವಿದೆ. ಕೆಲಸ ಆರಂಭಿಸುವಾಗ ಫೋನಿನ ಗಡಿಯಾರದ ಒಂದು ಚಿತ್ರವನ್ನು, ಸೆಕೆಂಡು ಕಾಣುವಂತೆ, ಅದೇ ಕ್ಯಾಮೆರಾದಲ್ಲಿ ತೆಗೆದಿಟ್ಟುಕೊಂಡಲ್ಲಿ ವ್ಯತ್ಯಾಸ ತಿಳಿದು ಎಲ್ಲ ಚಿತ್ರಗಳನ್ನೂ ಒಟ್ಟಿಗೆ ಸರಿಪಡಿಸಬಹುದು.

ಗುರುತು ಬೇಡವಾದ ಸಂದರ್ಭ

ಸ್ಥಳದ ಗುರುತು ಎಲ್ಲ ಚಿತ್ರಗಳಿಗೂ ಒಳ್ಳೆಯದಲ್ಲ. ೨೦೦೧ರ ಕಾನೂನು ತಿದ್ದುಪಡಿಯ ನಂತರ ರಾಜ್ಯದ ಅನೇಕ ರೈತರು ಜಮೀನಿನಲ್ಲಿ ಶ್ರೀಗಂಧ ಬೆಳೆದಿದ್ದಾರೆ. ಬಲಿತ ಮರದ ಚಿತ್ರವನ್ನು ಅಕ್ಷಾಂಶ ರೇಖಾಂಶ ಸಹಿತ ಎಲ್ಲರಿಗೂ ಹಂಚುವುದೆಂದರೆ ಕಳ್ಳರಿಗೆ ದಾರಿ ತೋರಿಸಿದಂತೆ. ಇಂತಹ ಚಿತ್ರಗಳನ್ನು ಹಂಚುವ ಮೊದಲು ಸ್ಥಳವನ್ನು ತೆಗೆದುಹಾಕುವುದು ಕ್ಷೇಮ.

ಚಿತ್ರವೊಂದೇ ಸಾಲದು

ಚಿತ್ರ ತೆಗೆದ ಮಾತ್ರಕ್ಕೆ ದೂರು ಕೊಟ್ಟಂತಾಗುವುದಿಲ್ಲ. ೨೦೧೬ರಲ್ಲಿ ಜಾರಿಗೆ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ ಅಡಿಯಲ್ಲಿ ಆಲಿಕಲ್ಲು ಮಳೆ, ಭೂಕುಸಿತದಂತಹ ಸ್ಥಳೀಯ ವಿಕೋಪದ ನಷ್ಟವನ್ನು ೭೨ ಗಂಟೆಗಳೊಳಗೆ ತಿಳಿಸತಕ್ಕದ್ದು. ವಿಮಾ ಸಂಸ್ಥೆ, ಬ್ಯಾಂಕು ಅಥವಾ ಕೃಷಿ ಇಲಾಖೆಗೆ ತಿಳಿಸಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆ ಮತ್ತು ವಿಮೆ ಮಾಡಿಸಿದ ಬೆಳೆ ಒಂದೇ ಆಗಿರುವುದನ್ನು ಹಂಗಾಮಿನಲ್ಲೇ ನೋಡಿಕೊಳ್ಳಬೇಕು.

ಬೆಳೆ ಕೈಗೆ ಬರುವುದು ಮಳೆಯ ಮರ್ಜಿ. ಆದರೆ ಹಾನಿಯ ಸಾಕ್ಷ್ಯ ಸರಿಯಾಗಿರುವುದು ಬಹುಮಟ್ಟಿಗೆ ರೈತರ ಕೈಯಲ್ಲಿದೆ. ಸಂಕಟದ ದಿನ ಇದನ್ನೆಲ್ಲ ಕಲಿಯಲು ಪುರುಸೊತ್ತು ಇರುವುದಿಲ್ಲ. ಆದುದರಿಂದ ಬೆಳೆ ಚೆನ್ನಾಗಿರುವಾಗಲೇ ಒಮ್ಮೆ ಹೊಲದ ನಡುವೆ ನಿಂತು ಚಿತ್ರ ತೆಗೆದು, ಗುರುತು ಎಲ್ಲಿ ಬೀಳುತ್ತದೆಂದು ನೋಡಿ ಅಭ್ಯಾಸ ಮಾಡಿಕೊಳ್ಳುವುದು ಲೇಸು. ಹಸಿರು ಬೆಳೆಯ ಆ ಚಿತ್ರವೇ ಮುಂದೆ ಹಾನಿಯನ್ನು ಹೋಲಿಸಿ ತೋರಿಸಲು ಆಧಾರವೂ ಆಗುತ್ತದೆ.