ಫೋಟೋದ ಕೆಳಗಿನ ಸಾಲು



ಮನಗೂಳಿ ಬಸ್ ಸ್ಟ್ಯಾಂಡಿನಲ್ಲಿ ನಾವು ಬಸ್ಸಿಗೆ ಕಾಯುತ್ತ ನಿಂತಿರುತ್ತೇವೆ. ಪಕ್ಕದವರ ಕೈಯಲ್ಲಿ ಪೇಪರ್ ಇರುತ್ತದೆ. ಓದು ಬಾರದಿದ್ದಾಗ ಅದರಲ್ಲಿ ಏನು ನೋಡುತ್ತಿದ್ದೆವು? ಬರೀ ಫೋಟೋ. "ಫೋಟೋ ಏನು ಸುಳ್ಳು ಹೇಳತೈತೇನು?" ಅಂತ ನಂಬಿಬಿಡುತ್ತಿದ್ದೆವು. ಈಗ ಅಕ್ಷರ ಬಂದಿವೆ. ಫೋಟೋದ ಕೆಳಗೆ ಒಂದು ಸಣ್ಣ ಸಾಲು ಇರುತ್ತದೆ. ಅದನ್ನೂ ಓದೋಣ.

ನಮ್ಮ ಕಡೆ ಬರ ಹೊಸದಲ್ಲ. ಟ್ಯಾಂಕರ್ ಬಂತೆಂದರೆ ಕೊಡಗಳ ಸಾಲು. ಆ ಸಾಲಿನ ಫೋಟೋ ತೆಗೆಯಲು ಪೇಪರಿನವರೂ ಬರುತ್ತಾರೆ. ಬರಲಿ, ಬರಬೇಕು. ಅಚ್ಚಾದ ಫೋಟೋ ಅಧಿಕಾರಿಗಳ ಕಣ್ಣಿಗೆ ಬಿದ್ದರೆ ನೀರು ಬರಬಹುದು. ಆದರೆ ಮದುವೆ ಫೋಟೋ ಬೇರೆ, ಸುದ್ದಿ ಫೋಟೋ ಬೇರೆ. ಮದುವೆಯಲ್ಲಿ "ಈ ಕಡೆ ನೋಡ್ರಿ, ಸ್ವಲ್ಪ ನಗ್ರಿ" ಅನ್ನಬಹುದು. ಸುದ್ದಿ ಫೋಟೋದವರು ಹಾಗೆ ಹೇಳಬಾರದು. "ಯವ್ವಾ, ತುಂಬಿದ ಕೊಡ ಬ್ಯಾಡ, ಖಾಲಿ ಕೊಡ ಹಿಡಕೊಂಡು ನಿಲ್ಲು" ಅಂದರೆ ಅದು ಸುದ್ದಿ ಅಲ್ಲ, ನಾಟಕ.

ಕ್ಯಾಮೆರಾ ಎಲ್ಲಿ ನಿಂತಿದೆ ಎಂಬುದೂ ಮುಖ್ಯ. ಹತ್ತಿರ ನಿಂತು ತೆಗೆದರೆ ಹತ್ತು ಜನ ಜಾತ್ರೆಯಂತೆ ಕಾಣುತ್ತಾರೆ. ದೂರ ನಿಂತು ತೆಗೆದರೆ ಅದೇ ಹತ್ತು ಜನ ಮೈದಾನದಲ್ಲಿ ಚದುರಿದ ಜೋಳದ ಕಾಳಿನಂತೆ ಕಾಣುತ್ತಾರೆ. ಎರಡೂ ಖರೆ ಫೋಟೋನೇ!

ನಮ್ಮ ನಾಡಿನಲ್ಲಿ ಈ ಕೆಲಸವನ್ನು ಚೆನ್ನಾಗಿ ಮಾಡಿದವರು ಟಿ. ಎಸ್. ಸತ್ಯನ್. ಮೈಸೂರಿನವರು. 1923ರಲ್ಲಿ ಹುಟ್ಟಿದರು, 2009ರಲ್ಲಿ ತೀರಿಕೊಂಡರು. 1948ರಲ್ಲಿ ಡೆಕ್ಕನ್ ಹೆರಾಲ್ಡ್ ಪತ್ರಿಕೆ ಸೇರಿದ್ದರು. ಮುಂದೆ ಸಿಡುಬು ರೋಗವನ್ನು ಓಡಿಸುವ ಕೆಲಸ ನಡೆದಾಗ ವಿಶ್ವ ಆರೋಗ್ಯ ಸಂಸ್ಥೆಗಾಗಿ ಅದರ ಫೋಟೋ ತೆಗೆದರು. ಬಡವರ, ಮಕ್ಕಳ ಫೋಟೋ ಬಹಳ ತೆಗೆದರು. ಅವರ ಫೋಟೋದಲ್ಲಿ ಬಡವರು ಮನುಷ್ಯರಾಗಿಯೇ ಕಾಣುತ್ತಾರೆ, ಭಿಕ್ಷೆಗೆ ಕೈ ಚಾಚಿದವರಾಗಿ ಅಲ್ಲ. 1977ರಲ್ಲಿ ಪದ್ಮಶ್ರೀ ಬಂತು. ಹೆಣ್ಣುಮಕ್ಕಳೂ ಈ ಕೆಲಸದಲ್ಲಿ ಇದ್ದರು. ಹೋಮಾಯಿ ವ್ಯಾರಾವಾಲಾ ಎಂಬ ಪಾರ್ಸಿ ಹೆಣ್ಣುಮಗಳು ಸೀರೆ ಉಟ್ಟು, ಭಾರದ ಕ್ಯಾಮೆರಾ ಹೊತ್ತು ದಿಲ್ಲಿಯಲ್ಲಿ ಸುದ್ದಿ ಫೋಟೋ ತೆಗೆದರು.

ಆಗ ಕ್ಯಾಮೆರಾದಲ್ಲಿ ರೀಲು ಹಾಕುತ್ತಿದ್ದರು. ಒಂದು ರೀಲಿಗೆ ಮೂವತ್ತಾರು ಫೋಟೋ. ಕತ್ತಲೆ ಕೋಣೆಯಲ್ಲಿ ತೊಳೆಯುವ ತನಕ ಏನು ಬಂದಿದೆ ಎಂದು ತೆಗೆದವರಿಗೇ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಲೆಕ್ಕ ಹಾಕಿ ಗುಂಡಿ ಒತ್ತುತ್ತಿದ್ದರು.

ಈಗ ಒಂದು ಕಥೆ ಕೇಳ್ರಿ. ಅಮೆರಿಕದ್ದು. ಆದರೆ ನಮ್ಮ ಕಡೆ ಗುಳೆ ಹೋಗುವವರ ಕಥೆಯಂತೆಯೇ ಐತಿ.

1936ರ ಮಾರ್ಚ್ ತಿಂಗಳು. ಚಳಿಗೆ ಬಟಾಣಿ ಬೆಳೆ ಕೆಟ್ಟಿತ್ತು. ಬಟಾಣಿ ಕೀಳಲು ಬಂದ ಕೂಲಿಗಳು ಹಸಿದು ಕುಳಿತಿದ್ದರು. ಡೊರೊಥಿಯಾ ಲ್ಯಾಂಗ್ ಎಂಬ ಹೆಣ್ಣುಮಗಳು ಸರ್ಕಾರಕ್ಕಾಗಿ ಫೋಟೋ ತೆಗೆಯುತ್ತಿದ್ದಳು. ಅಲ್ಲೊಬ್ಬ ತಾಯಿ, ವಯಸ್ಸು 32, ಮಕ್ಕಳನ್ನು ಮಗ್ಗುಲಲ್ಲಿ ಇಟ್ಟುಕೊಂಡು ಡೇರೆಯಲ್ಲಿ ಕುಳಿತಿದ್ದಳು. ಲ್ಯಾಂಗ್ ಕೆಲವು ಫೋಟೋ ತೆಗೆದು ಹೊರಟುಬಿಟ್ಟಳು. ಹೆಸರು ಕೇಳಲಿಲ್ಲ.

ಫೋಟೋ ಪೇಪರಿನಲ್ಲಿ ಬಂತು. ಜನ ಮರುಗಿದರು. ಸರ್ಕಾರ ಸುಮಾರು 9 ಟನ್ ಆಹಾರ ಕಳಿಸಿತು. ಬಿಡಾರದಲ್ಲಿ ಉಳಿದವರ ಹೊಟ್ಟೆ ತುಂಬಿತು. ಆ ತಾಯಿ ಮಾತ್ರ ಅಷ್ಟರಲ್ಲಿ ಕೂಲಿ ಹುಡುಕಿಕೊಂಡು ಮುಂದಿನ ಊರಿಗೆ ಹೋಗಿದ್ದಳು. ಹೆಸರೇ ಗೊತ್ತಿಲ್ಲದವಳನ್ನು ಎಲ್ಲಿ ಅಂತ ಹುಡುಕುವುದು?

ಫೋಟೋ ಜಗತ್ತೆಲ್ಲ ಸುತ್ತಿತು. ನಲವತ್ತು ವರ್ಷ ದಾಟಿದ ಮೇಲೆ, 1978ರಲ್ಲಿ, ಆ ತಾಯಿಯ ಹೆಸರು ಹೊರಗೆ ಬಂತು. ಆಕೆ ಫ್ಲಾರೆನ್ಸ್ ಥಾಂಪ್ಸನ್. "ಈ ಫೋಟೋದಿಂದ ನನಗೆ ಒಂದು ಕಾಸೂ ಸಿಗಲಿಲ್ಲ, ತೆಗೆಯದಿದ್ದರೇ ಚೆನ್ನಾಗಿತ್ತು" ಅಂತ ಆಕೆ ನೊಂದು ಹೇಳಿದಳು. ಲ್ಯಾಂಗ್ ಒಂದು ಕಡೆ, "ಹೊಟ್ಟೆಗಾಗಿ ಅವರು ಕಾರಿನ ಟಯರ್ ಮಾರಿದ್ದರು" ಎಂದು ಬರೆದಿದ್ದಳು. ಮಗ ಅದು ಸುಳ್ಳು ಅಂದ. ಅದೇ ಟಯರಿನ ಮೇಲೆ ಅಲ್ಲವೇ ಅವರು ಮುಂದಿನ ಊರಿಗೆ ಹೋದದ್ದು!

ಇನ್ನೊಂದು ಮಾತು. ಫೋಟೋದ ಮೂಲೆಯಲ್ಲಿ ಯಾರದೋ ಹೆಬ್ಬೆರಳು ಬಂದಿತ್ತು. ಲ್ಯಾಂಗ್ ಆಮೇಲೆ ಅದನ್ನು ಅಳಿಸಿಸಿದಳು. ಸಣ್ಣದೇ. ಆದರೆ ಸುದ್ದಿ ಫೋಟೋದಲ್ಲಿ ಹೀಗೆ ಅಳಿಸುವುದನ್ನು ಈಗ ಒಳ್ಳೆಯ ಪತ್ರಿಕೆಗಳು ಒಪ್ಪುವುದಿಲ್ಲ. 2006ರಲ್ಲಿ ಲೆಬನಾನ್ ಯುದ್ಧದ ಫೋಟೋದಲ್ಲಿ ಹೊಗೆಯನ್ನು ಹೆಚ್ಚು ಮಾಡಿ ತೋರಿಸಿದವನನ್ನು ರಾಯಿಟರ್ಸ್ ಸುದ್ದಿ ಸಂಸ್ಥೆ ದೂರ ಇಟ್ಟಿತು.

ಲ್ಯಾಂಗ್ ಕೆಟ್ಟವಳಲ್ಲ. ಹಸಿದವರಿಗಾಗಿಯೇ ಹೋಗಿದ್ದಳು. ಹೆಸರು ಕೇಳಲು ಎಷ್ಟು ಹೊತ್ತು ಬೇಕಿತ್ತು ಅಂತ ನಮಗೆ ಅನಿಸುತ್ತದೆ, ಅಷ್ಟೇ.

ಈಗ ಎಲ್ಲರ ಕೈಯಲ್ಲೂ ಮೊಬೈಲ್. ಅಪಘಾತವಾದರೆ ಎತ್ತುವವರಿಗಿಂತ ಫೋಟೋ ತೆಗೆಯುವವರೇ ಹೆಚ್ಚು. ನಡೆಯದೇ ಇದ್ದದ್ದನ್ನು ನಡೆದಂತೆ ತೋರಿಸುವ ಫೋಟೋವನ್ನು ಕಂಪ್ಯೂಟರ್ ಗಳಿಗೆಯಲ್ಲಿ ಮಾಡಿಕೊಡುತ್ತದೆ. ಅದಕ್ಕೇ ಯಾವ ಊರು, ಯಾವ ದಿನ, ತೆಗೆದವರು ಯಾರು ಅಂತ ಕೆಳಗಿನ ಸಾಲಿನಲ್ಲಿ ಹುಡುಕಬೇಕು.

ಕಾನೂನೂ ಇದೆ. ಅತ್ಯಾಚಾರಕ್ಕೆ ಒಳಗಾದ ಹೆಣ್ಣುಮಗಳ ಗುರುತು ಸಿಗುವಂತೆ ಹೆಸರು, ಫೋಟೋ ಹಾಕುವುದು ಅಪರಾಧ. ಅಂಥ ಮಗುವಿನ ಗುರುತನ್ನು ಪತ್ರಿಕೆಯವರು ಹೊರಗೆಡಹದಂತೆ 2012ರ ಪೋಕ್ಸೋ ಕಾಯ್ದೆ ತಡೆಯುತ್ತದೆ.

ನಿಮ್ಮ ಫೋಟೋ ತೆಗೆಯಲು ಬಂದವರನ್ನು ಕೇಳ್ರಿ: "ಯಾವ ಪೇಪರಿನವರು? ಕೆಳಗೆ ಏನಂತ ಬರೀತೀರಿ?" ನಾಚಿಕೆ ಬೇಡ. ಅಚ್ಚಾದದ್ದು ತಪ್ಪಿದ್ದರೆ ಮೊದಲು ಪತ್ರಿಕೆಯ ಸಂಪಾದಕರಿಗೆ ಬರೆಯಿರಿ. ಅವರು ಕೇಳದಿದ್ದರೆ ದಿಲ್ಲಿಯಲ್ಲಿ ಭಾರತೀಯ ಪತ್ರಿಕಾ ಮಂಡಳಿ ಇದೆ. ಒಂದು ಕಾರ್ಡಿನಲ್ಲಿ ಹೀಗೆ ಬರೆಯಬಹುದು:

"ಸಂಪಾದಕರಿಗೆ ನಮಸ್ಕಾರ. ನಿಮ್ಮ ಪತ್ರಿಕೆಯ ಈ ದಿನದ, ಈ ಪುಟದ ಫೋಟೋದಲ್ಲಿ ಇರುವವಳು ನಾನು. ಕೆಳಗೆ ಬರೆದದ್ದು ತಪ್ಪಾಗಿದೆ. ನಡೆದದ್ದು ಹೀಗೆ..."

ಕೊನೆಗೆ ನಿಮ್ಮ ಊರು, ನಿಮ್ಮ ರುಜು.