ದಿವಾಳಿತನದ ಅರ್ಜಿ ಮತ್ತು ವರ್ತಕರ ಸ್ವಂತ ಆಸ್ತಿ

ವ್ಯಾಪಾರದಲ್ಲಿ ಲಾಭದಂತೆ ನಷ್ಟವೂ ಸಹಜ. ಹತ್ತಿ ಗಿರಣಿಗಳು ಬಾಗಿಲು ಮುಚ್ಚಿದುದನ್ನು ದಾವಣಗೆರೆಯೂ, ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ನಿಂತುಹೋದುದನ್ನು ಹರಿಹರವೂ ಕಂಡಿವೆ. ದೊಡ್ಡ ಉದ್ಯಮ ಬಿದ್ದಾಗ ಅದು ಸುದ್ದಿಯಾಗುತ್ತದೆ. ಸಾಲದ ಸುಳಿಗೆ ಸಿಕ್ಕ ಸಣ್ಣ ವರ್ತಕರ ಮನೆ, ಒಡವೆ, ವಿಮೆಯ ಹಣ ಏನಾಗುತ್ತವೆ ಎಂಬುದು ಮಾತ್ರ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಈ ವಿಷಯದಲ್ಲಿ ವರ್ತಕ ಸಮುದಾಯದಲ್ಲಿರುವ ತಪ್ಪು ತಿಳಿವಳಿಕೆಯೇ ಅನೇಕ ವೇಳೆ ಸಾಲಕ್ಕಿಂತ ಹೆಚ್ಚಿನ ಹಾನಿ ಮಾಡುತ್ತದೆ.

ಯಾರಿಗೆ ಯಾವ ಕಾನೂನು?

2016ರ ದಿವಾಳಿತನ ಸಂಹಿತೆ ಎಲ್ಲರಿಗೂ ಅನ್ವಯಿಸುತ್ತದೆ ಎಂಬುದು ಸಾಮಾನ್ಯ ನಂಬಿಕೆ. ವಾಸ್ತವವಾಗಿ ವ್ಯಕ್ತಿಗಳಿಗೆ ಸಂಬಂಧಿಸಿದ ಅದರ ಮೂರನೆಯ ಭಾಗವು 2019ರ ಡಿಸೆಂಬರ್ 1ರಿಂದ ಜಾರಿಗೆ ಬಂದಿರುವುದು ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನೀಡಿದವರಿಗೆ ಮಾತ್ರ. ಏಕಮಾಲೀಕತ್ವದ ಅಂಗಡಿಕಾರರಿಗೂ ಸಾಮಾನ್ಯ ಪಾಲುದಾರಿಕೆ ಸಂಸ್ಥೆಗಳಿಗೂ ನಮ್ಮ ಜಿಲ್ಲೆಯಲ್ಲಿ ಇಂದಿಗೂ ಅನ್ವಯಿಸುವುದು 1920ರ ಪ್ರಾಂತೀಯ ದಿವಾಳಿ ಅಧಿನಿಯಮ. ಸಾಲ ತೀರಿಸಲಾಗದ ವ್ಯಕ್ತಿ ಈ ಕಾನೂನಿನಡಿ ತಾನಾಗಿಯೇ ಅರ್ಜಿ ಸಲ್ಲಿಸಬಹುದು. ಅದಕ್ಕೆ ಸಾಲ 500 ರೂಪಾಯಿ ಮುಟ್ಟಿದ್ದರೂ ಸಾಕು. ದಿವಾಳಿ ಎಂದು ಘೋಷಿತವಾದ ಕೂಡಲೇ ಆತನ ಆಸ್ತಿ ನ್ಯಾಯಾಲಯದ ಅಥವಾ ಅದು ನೇಮಿಸುವ ರಿಸೀವರ್‌ನ ವಶಕ್ಕೆ ಹೋಗುತ್ತದೆ. ಬಿಡುಗಡೆಯ ಆದೇಶ ದೊರೆಯುವ ಮುಂಚೆ ಆತನಿಗೆ ಬರುವ ಆಸ್ತಿಯೂ ಇದರಲ್ಲಿ ಸೇರುತ್ತದೆ.

ಕಾನೂನೇ ಉಳಿಸಿಕೊಡುವ ವಸ್ತುಗಳು

ಆದರೆ ಎಲ್ಲವೂ ಹೋಗುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನ ಪ್ರಕಾರ ಜಪ್ತಿಗೆ ಒಳಪಡದ ಆಸ್ತಿಯನ್ನು, ಲೆಕ್ಕದ ಪುಸ್ತಕಗಳನ್ನು ಬಿಟ್ಟು, ದಿವಾಳಿ ಕಾನೂನೂ ಮುಟ್ಟುವುದಿಲ್ಲ. ಅವುಗಳಲ್ಲಿ ಮುಖ್ಯವಾದವು ಇವು:

1. ಸಾಲಗಾರ, ಆತನ ಪತ್ನಿ ಮತ್ತು ಮಕ್ಕಳಿಗೆ ಅಗತ್ಯವಾದ ಉಡುಪು, ಅಡುಗೆ ಪಾತ್ರೆ, ಹಾಸಿಗೆ. ಧಾರ್ಮಿಕ ಪದ್ಧತಿಯಂತೆ ಸ್ತ್ರೀಯು ಮೈಮೇಲಿಂದ ತೆಗೆಯಬಾರದ ಮಾಂಗಲ್ಯದಂತಹ ಆಭರಣ.
2. ಕುಶಲಕರ್ಮಿಯ ಉಪಕರಣಗಳು.
3. ಭವಿಷ್ಯ ನಿಧಿ ಮತ್ತು ಸಾರ್ವಜನಿಕ ಭವಿಷ್ಯ ನಿಧಿಯ (ಪಿ.ಪಿ.ಎಫ್.) ಠೇವಣಿ.
4. ಜೀವ ವಿಮಾ ಪಾಲಿಸಿಯಿಂದ ಬರತಕ್ಕ ಹಣ.

ಈ ರಕ್ಷಣೆಯನ್ನು ಬಿಟ್ಟುಕೊಡುವುದಾಗಿ ಸಾಲಗಾರನಿಂದ ಮುಂಗಡವಾಗಿ ಬರೆಸಿಕೊಂಡ ಕರಾರು ಊರ್ಜಿತವಲ್ಲ.

60ನೇ ಕಲಮಿನಡಿ ಲೆಕ್ಕದ ಪುಸ್ತಕ ಜಪ್ತಿಯಾಗದೆಂದರೆ ಅದನ್ನು ಬಚ್ಚಿಡಬಹುದೆಂದು ಅರ್ಥವಲ್ಲ. ದಿವಾಳಿ ಅರ್ಜಿದಾರನು ಅದನ್ನು ಹಾಜರುಪಡಿಸಲೇಬೇಕು. ವಂಚನೆಯ ಉದ್ದೇಶದಿಂದ ಲೆಕ್ಕ ತಿದ್ದಿದರೆ ಅಥವಾ ಆಸ್ತಿ ಮರೆಮಾಚಿದರೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದು.

ಮನೆಯ ಪ್ರಶ್ನೆ

ವಾಸದ ಮನೆಗೆ ಜಪ್ತಿಯಿಂದ ವಿನಾಯಿತಿ ಇದೆಯೆಂಬುದು ಅರ್ಧ ಸತ್ಯ. 60ನೇ ಕಲಮು ರಕ್ಷಿಸುವುದು ಕೃಷಿಕ, ಕೂಲಿಕಾರ ಹಾಗೂ ಮನೆಗೆಲಸದವರ ಮನೆಯನ್ನು. ವರ್ತಕರ ಮನೆ ಆ ಪಟ್ಟಿಯಲ್ಲಿಲ್ಲ. ಕಂಪನಿಯ ಜಾಮೀನುದಾರರಿಗೆ ಅನ್ವಯಿಸುವ 2016ರ ಸಂಹಿತೆಯಲ್ಲಿ ಮಾತ್ರ, ಅಡಮಾನವಿಲ್ಲದ ಒಂದೇ ವಾಸದ ಮನೆಗೆ ರಕ್ಷಣೆಯಿದೆ. ಅದರ ಮಿತಿ ನಗರದಲ್ಲಿ 20 ಲಕ್ಷ ರೂಪಾಯಿ, ಗ್ರಾಮಾಂತರದಲ್ಲಿ 10 ಲಕ್ಷ. ಇಂದಿನ ನಿವೇಶನ ದರದಲ್ಲಿ ಈ ಮಿತಿ ಎಷ್ಟು ಮಂದಿಗೆ ನೆರವಾದೀತೆಂಬುದು ಓದುಗರ ಊಹೆಗೆ ಬಿಟ್ಟದ್ದು.

ಅಡಮಾನ ಮಾಡಿದ ಮನೆಯಂತೂ ಯಾವ ವಿನಾಯಿತಿಗೂ ಬರುವುದಿಲ್ಲ. ದಿವಾಳಿ ಅರ್ಜಿ ಸಲ್ಲಿಸಿದ ಮಾತ್ರಕ್ಕೆ ಅಡಮಾನ ಪಡೆದ ಬ್ಯಾಂಕಿನ ಹಕ್ಕು ಕುಂದುವುದಿಲ್ಲ. 2002ರ ಸರ್ಫೇಸಿ ಕಾನೂನಿನಡಿ ಬ್ಯಾಂಕು 60 ದಿನಗಳ ನೋಟೀಸು ನೀಡಿ ಮುಂದುವರಿಯಬಹುದು. ಅದರ ಕ್ರಮದ ವಿರುದ್ಧ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಲು ಸಾಲಗಾರನಿಗಿರುವ ಅವಧಿ 45 ದಿನ.

ಕೊನೆಗಳಿಗೆಯ ದಾನಪತ್ರ

ಎ.ಪಿ.ಎಂ.ಸಿ. ಪ್ರಾಂಗಣದಲ್ಲಿ ಮೆಕ್ಕೆಜೋಳದ ವ್ಯಾಪಾರ ಮಾಡುವ, ಪಿ.ಜೆ. ಬಡಾವಣೆಯಲ್ಲಿ ಸ್ವಂತ ಮನೆಯುಳ್ಳ ಒಬ್ಬ ವರ್ತಕರಿದ್ದಾರೆಂದು ಭಾವಿಸಬಹುದು. ಸಾಲ ಮಿತಿಮೀರಿದಾಗ ಅವರು ಮನೆಯನ್ನು ಪತ್ನಿಯ ಹೆಸರಿಗೆ ದಾನಪತ್ರ ಮಾಡಿ, ಎಂಟು ತಿಂಗಳ ತರುವಾಯ ದಿವಾಳಿ ಅರ್ಜಿ ಸಲ್ಲಿಸುತ್ತಾರೆ. ಮನೆ ಉಳಿಯಿತೆಂದು ಅವರ ಸಮಾಧಾನ. ಆದರೆ ವರ್ಗಾವಣೆಯಾದ ಎರಡು ವರ್ಷಗಳೊಳಗೆ ಸಲ್ಲಿಕೆಯಾದ ಅರ್ಜಿಯ ಮೇಲೆ ದಿವಾಳಿ ಘೋಷಣೆಯಾದರೆ ಇಂತಹ ದಾನವನ್ನು ನ್ಯಾಯಾಲಯ ರದ್ದುಪಡಿಸಬಹುದು. ಸದ್ಭಾವನೆಯಿಂದ, ತಕ್ಕ ಬೆಲೆ ಕೊಟ್ಟು ಕೊಂಡವರಿಗೆ ಮಾತ್ರ ಈ ತೊಡಕಿಲ್ಲ. ಎರಡು ವರ್ಷ ಕಳೆದಿದ್ದರೂ, ಸಾಲ ಕೊಟ್ಟವರನ್ನು ವಂಚಿಸಲೆಂದೇ ಮಾಡಿದ ವರ್ಗಾವಣೆಯನ್ನು ಸ್ವತ್ತು ವರ್ಗಾವಣೆ ಅಧಿನಿಯಮದ 53ನೇ ಕಲಮಿನಡಿ ಪ್ರಶ್ನಿಸಬಹುದು.

ಅದೇ ವರ್ತಕರು ಅರ್ಜಿಗೆ ಒಂದು ತಿಂಗಳ ಮುಂಚೆ, ಉಳಿದವರನ್ನು ಬಿಟ್ಟು ಭಾವಮೈದುನನ ಕೈಸಾಲವನ್ನಷ್ಟೇ ತೀರಿಸಿದರೆಂದುಕೊಳ್ಳೋಣ. ಅರ್ಜಿಯ ಹಿಂದಿನ ಮೂರು ತಿಂಗಳಲ್ಲಿ ಒಬ್ಬರಿಗೆ ಅನುಕೂಲ ಮಾಡುವ ಉದ್ದೇಶದಿಂದ ನೀಡಿದ ಇಂತಹ ಪಾವತಿಯೂ ನಿಲ್ಲುವುದಿಲ್ಲ. ಹೀಗೆ ಮನೆಯೂ ಉಳಿಯದು, ನ್ಯಾಯಾಲಯದ ಮುಂದೆ ನಂಬಿಕೆಯೂ ಉಳಿಯದು. ಬಿಡುಗಡೆಯ ಆದೇಶ ಕೋರುವಾಗ ನಡತೆಯನ್ನೂ ನೋಡಲಾಗುತ್ತದೆ ಎಂಬುದನ್ನು ಮರೆಯಬಾರದು.

ಒಳ್ಳೆಯ ಕಾಲದಲ್ಲಿ ಮಾಡಬೇಕಾದುದು

ಆಸ್ತಿಯ ರಕ್ಷಣೆ ಆಗಬೇಕಾದುದು ವ್ಯಾಪಾರ ಚೆನ್ನಾಗಿರುವಾಗ. ವಿವಾಹಿತ ಪುರುಷನು ಪತ್ನಿ ಮತ್ತು ಮಕ್ಕಳ ಹಿತಕ್ಕಾಗಿ 1874ರ ವಿವಾಹಿತ ಮಹಿಳೆಯರ ಸ್ವತ್ತಿನ ಅಧಿನಿಯಮದಡಿ ಜೀವವಿಮೆ ಮಾಡಿಸಿದರೆ, ಆ ಹಣ ಅವರ ನ್ಯಾಸದ ಸ್ವತ್ತಾಗುತ್ತದೆ. ಸಾಲ ಕೊಟ್ಟವರ ಪಾಲಾಗುವುದಿಲ್ಲ. ಇದನ್ನು ಪಾಲಿಸಿ ಮಾಡಿಸುವಾಗಲೇ ನಮೂದಿಸಬೇಕು. ಪತ್ನಿಯ ಸ್ತ್ರೀಧನ ಆಕೆಯ ಸಂಪೂರ್ಣ ಸ್ವತ್ತು. ಪತಿಯ ಸಾಲಕ್ಕೆ ಅದು ಹೊಣೆಯಲ್ಲ. ಒಡವೆಯ ರಸೀದಿ, ತವರಿನವರು ಕೊಟ್ಟದ್ದರ ಪಟ್ಟಿ ಕಾಯ್ದಿರಿಸಿದ್ದರೆ ಅದನ್ನು ಸಾಬೀತುಪಡಿಸುವುದು ಸುಲಭ.

ಪಾಲುದಾರಿಕೆಯಲ್ಲಿ ಸಂಸ್ಥೆಯ ಪೂರ್ತಿ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ಹೊಣೆ. ಎಲ್.ಎಲ್.ಪಿ. ಅಥವಾ ಪ್ರೈವೇಟ್ ಲಿಮಿಟೆಡ್ ಕಂಪನಿಯಲ್ಲಿ ಹೊಣೆ ಸೀಮಿತ. ಆದರೆ ಬ್ಯಾಂಕಿಗೆ ವೈಯಕ್ತಿಕ ಜಾಮೀನು ಬರೆದುಕೊಟ್ಟ ದಿನವೇ ಆ ಬೇಲಿ ಮುರಿಯುತ್ತದೆ. ಕಂಪನಿಯ ಸಾಲಕ್ಕೆ ಪರಿಹಾರ ಯೋಜನೆ ಮಂಜೂರಾದ ಮಾತ್ರಕ್ಕೆ ಜಾಮೀನುದಾರರ ಹೊಣೆ ತಾನಾಗಿ ತೀರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2021ರ ಮೇ 21ರಂದು ಲಲಿತ್ ಕುಮಾರ್ ಜೈನ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಪತ್ನಿಯಿಂದಲೂ ಜಾಮೀನಿಗೆ ಸಹಿ ಮಾಡಿಸಿದರೆ ಆಕೆಯ ಸ್ವಂತ ಆಸ್ತಿಯೂ ಹೊಣೆಗೆ ಬೀಳುತ್ತದೆ.

ಆದುದರಿಂದ ಸಾಲದ ಮೊತ್ತ, ಬಡ್ಡಿಯ ದರಗಳನ್ನು ಚೌಕಾಸಿ ಮಾಡುವಷ್ಟೇ ಗಮನವನ್ನು ವರ್ತಕರು ಜಾಮೀನು ಪತ್ರದ ಮೇಲೂ ಅಡಮಾನದ ಪಟ್ಟಿಯ ಮೇಲೂ ಇಡುವುದು ಲೇಸು. ಮನೆಯ ಬದಲು ಸರಕು, ಯಂತ್ರ ಅಥವಾ ಅಂಗಡಿಯನ್ನು ಆಧಾರವಾಗಿ ಕೊಡಲಾದೀತೇ ಎಂದು ಮೊದಲೇ ಕೇಳಬೇಕು. ಸಂಕಟ ಬಂದ ಮೇಲೆ ನ್ಯಾಯವಾದಿಗಳನ್ನೂ ಲೆಕ್ಕ ಪರಿಶೋಧಕರನ್ನೂ ಕಾಣುವುದು ದಾನಪತ್ರಕ್ಕೆ ಛಾಪಾ ಕಾಗದ ಕೊಳ್ಳುವ ಮುನ್ನವೇ ಆಗಬೇಕು. ಇದ್ದುದನ್ನು ಇದ್ದಂತೆ ತೋರಿಸಿದವರಿಗೆ ಬಿಡುಗಡೆ ಪಡೆದು ಮತ್ತೆ ಅಂಗಡಿಯ ಬಾಗಿಲು ತೆರೆಯುವ ದಾರಿಯನ್ನು ಕಾನೂನು ಮುಚ್ಚಿಲ್ಲ.